ನಾಲ್ಕು ತೂತು, ಒಂದು ಗುರುತು

ಬೆಳಗಾವಿಯಿಂದ ಗೋವಾದ ಮ್ಹಾಪ್ಸಾ ಮಾರುಕಟ್ಟೆಗೆ ತರಕಾರಿ ತರುವ ಪಿಕಪ್ ನನ್ನ ತಮ್ಮನದು. ಚೋರ್ಲಾ ಘಟ್ಟ ಹತ್ತಿ ಇಳಿಯುವುದರಲ್ಲೇ ಅದರ ಆಯುಷ್ಯ ಸವೆಯುತ್ತಿದೆ. ಕಳೆದ ತಿಂಗಳು ಕ್ಲಚ್ ಬಿಟ್ಟಾಗಲೆಲ್ಲ ಅಡಿಯಿಂದ ‘ಟಕ್’ ಎನ್ನತೊಡಗಿತು. ಕ್ರಾಸ್ ಹೋಗಿದೆ ಎಂದ ತಮ್ಮ. ಗೇರ್‌ಬಾಕ್ಸಿನ ತಿರುಗಾಟವನ್ನು ಹಿಂದಿನ ಚಕ್ರಗಳ ನಡುವಿನ ಹೌಸಿಂಗಿಗೆ ಮುಟ್ಟಿಸುವ ಉದ್ದನೆಯ ಕೊಳವೆಯೇ ಶಾಫ್ಟು. ಗಾಡಿ ಗುಂಡಿಗೆ ಬಿದ್ದಾಗ ಶಾಫ್ಟು ಓರೆಯಾಗಿಯೂ ತಿರುಗಲೆಂದು ತುದಿಯಲ್ಲಿ ಕೂರಿಸಿದ, ಕೂಡುವ ಲೆಕ್ಕದ ಗುರುತಿನಂತಿರುವ ಉಕ್ಕಿನ ತುಂಡೇ ಕ್ರಾಸು.

ಗ್ಯಾರೇಜಿನವನು ಶಾಫ್ಟ್ ಬಿಚ್ಚಿ ಕಟ್ಟುವುದಕ್ಕೇ 600 ರೂಪಾಯಿ ಕೇಳಿದ. ಇಪ್ಪತ್ತು ವರ್ಷದಿಂದ ಊರವರ ಲೆಕ್ಕ ಬರೆಯುತ್ತಿರುವ ನನಗೆ ಸಂಕಟವಾಯಿತು. ಹಿಂದೆ ಇರುವುದು ನಾಲ್ಕೇ ಬೋಲ್ಟು. ಮುಂದಿನ ತುದಿ ಗೇರ್‌ಬಾಕ್ಸಿನೊಳಗೆ ಸುಮ್ಮನೆ ತೂರಿಕೊಂಡಿರುತ್ತದೆ, ಎಳೆದರೆ ಬರುತ್ತದೆ. ಬೋಲ್ಟಿಗೆ 150 ರೂಪಾಯಿ ಬಿತ್ತಲ್ಲ!

ತಮ್ಮ ರಾತ್ರಿಯಿಡೀ ಓಡಿಸಿ ಬಂದು ಮಲಗಿದ್ದ. ಮಲಗುವ ಮೊದಲು, “ಅಣ್ಣ, ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲ, ಗೇರಿನಲ್ಲಿ ನಿಲ್ಲಿಸಿದ್ದೇನೆ” ಎಂದಿದ್ದ. ನಾನು ಗೋಣಿಚೀಲ ಹಾಸಿ ಅಡಿಗೆ ನುಸುಳಿದೆ. ಬಿಚ್ಚುವ ಮುಂಚೆ ಎರಡು ಚಪ್ಪಟೆ ಮುಖಗಳು ಕೂಡುವ ಕಡೆ ಗುರುತು ಹಾಕಬೇಕು, ಹಾಗೆಯೇ ಮರಳಿ ಕೂರಿಸಬೇಕು ಎಂದು ಓದಿದ್ದೆ. ಮಗಳ ಸೀಮೆಸುಣ್ಣದಿಂದ ಅಚ್ಚುಕಟ್ಟಾಗಿ ಗೆರೆ ಎಳೆದೆ.

ಮೂರು ಬೋಲ್ಟು ಸಲೀಸಾಗಿ ಬಂದವು. ನಾಲ್ಕನೆಯದು ಹೊರಬಂದು ಶಾಫ್ಟಿನ ಬಾಲ ಎದೆಯ ಮೇಲೆ ಬಿದ್ದ ಕ್ಷಣವೇ ಗಾಡಿ ಹೊರಟಿತು. ಎಂಜಿನ್ನು ಚಕ್ರವನ್ನು ಹಿಡಿದಿಟ್ಟದ್ದು ಈ ಶಾಫ್ಟಿನ ಮೂಲಕವೇ ಎಂಬುದು ಆಗ ಹೊಳೆಯಿತು. ಎತ್ತನ್ನು ಕಟ್ಟಿದೆ ಎಂಬ ಧೈರ್ಯದಲ್ಲಿ ಕಟ್ಟಿದ ಹಗ್ಗವನ್ನೇ ಬಿಚ್ಚುತ್ತಿದ್ದೆ. ಇಳಿಜಾರು ಅಂಗಳದಲ್ಲಿ ಒಂದು ಮೊಳ ಮುಂದೆ ಸರಿದು, ಪಕ್ಕದ ಮನೆಯ ಜಂಬಿಟ್ಟಿಗೆ ಗೋಡೆಗೆ ಹಣೆ ಕೊಟ್ಟು ನಿಂತಿತು. ಹೌಸಿಂಗು ನನ್ನ ಮೂಗಿನಿಂದ ನಾಲ್ಕು ಬೆರಳು ಮೇಲೆ. ಗೋಡೆಯಾಚೆ ಕೋಳಿಗಳು ಕೂಗಿದವು. ಕೋಳಿಗಳ ಒಡತಿ ಇಣುಕಿ, “ಕಿತೆಂ ಜಾಲೆಂ?” ಎಂದರು. ಏನಾಯಿತು ಎಂದು ಕೊಂಕಣಿಯಲ್ಲಿ ವಿವರಿಸುವಷ್ಟು ಭಾಷೆ ನನಗಿಲ್ಲ. ಆ ಹೊತ್ತಿನಲ್ಲಿ ಕನ್ನಡವೂ ಇರಲಿಲ್ಲ.

ಚಕ್ರಕ್ಕೆ ಕಲ್ಲು ಕೊಟ್ಟು (ಈಗ!) ಮುಂದಿನ ತುದಿಯನ್ನು ಎಳೆದೆ. ಅದು ಬಂದಿತು, ಹಿಂದೆಯೇ ಗೇರ್ ಎಣ್ಣೆಯೂ ಬಂದಿತು. ಆ ವಾಸನೆ ಮೂರು ಸ್ನಾನಕ್ಕೂ ಜಗ್ಗಲಿಲ್ಲ. ಲುಂಗಿಯಂತೂ ಇಂದಿಗೂ ಮನೆಯೊಳಗೆ ಬಂದಿಲ್ಲ.

ಗ್ಯಾರೇಜಿನವನು ಹೊಸ ಕ್ರಾಸ್ ಬಡಿದು ಕೂರಿಸಿ, “ಗುರುತು ಹಾಕಿದ್ದೀರಾ?” ಎಂದು ಕೇಳಿದ. ಗಾಡಿಯ ಕಡೆಯೂ ಶಾಫ್ಟಿನ ಕಡೆಯೂ ಹಾಕಿದ್ದೇನೆ ಎಂದು ಗತ್ತಿನಿಂದ ಹೇಳಿ ಬಂದೆ. ಮನೆಗೆ ತಂದು ನೋಡಿದರೆ ಎಲ್ಲೆಡೆ ಜಿಡ್ಡು. ಕೊಳಕು ಲೆಕ್ಕದ ಪುಸ್ತಕವನ್ನೇ ಸಹಿಸದ ನಾನು ಕೊಳಕು ಶಾಫ್ಟನ್ನು ಸಹಿಸುವೆನೇ? ಸೀಮೆಎಣ್ಣೆಯಲ್ಲಿ ಎರಡೂ ಮುಖಗಳನ್ನು ಕನ್ನಡಿಯಂತೆ ಉಜ್ಜಿದೆ. ಉಜ್ಜಿ ಮುಗಿಸಿ, ಗುರುತಿಗೆ ಗುರುತು ಕೂಡಿಸಲು ಗುರುತು ಹುಡುಕಿದೆ.

ನಾಲ್ಕು ತೂತು, ಕೂರಿಸಲು ನಾಲ್ಕು ದಾರಿ. ಒಂದನ್ನು ಆರಿಸಿ ಬಿಗಿದು, ಸೋರಿದಷ್ಟು ಎಣ್ಣೆ ತುಂಬಿದೆ. ಮರುದಿನ ತಮ್ಮ ಬಂದಾಗ ಮೇಲಿನ ಟೊಮ್ಯಾಟೊ ಪೆಟ್ಟಿಗೆಗಳಿಂದ ರಸ ಇಳಿಯುತ್ತಿತ್ತು. “ಅಣ್ಣ, 60 ದಾಟಿದರೆ ಸೀಟು ಗಿರಣಿಯಾಗುತ್ತದೆ. ಸಾರಿಗೆ ಬೇಳೆಯೊಂದೇ ಬಾಕಿ” ಎಂದ. ಶಾಫ್ಟನ್ನು ಕಾಲು ಸುತ್ತು ತಿರುಗಿಸಿ ಕಟ್ಟಿದೆವು, ನಡುಕ ಹೆಚ್ಚಾಯಿತು. ಇನ್ನೊಂದು ಕಾಲು ಸುತ್ತಿಗೆ ಗಾಡಿ ತಣ್ಣಗಾಯಿತು.

“ಈ ಸಲ ಅಳಿಸದ ಗುರುತು ಹಾಕು” ಎಂದ ತಮ್ಮ. ಒಳಗೆ ಹೋಗಿ ಹುಡುಕಿ ತಂದು ಹಾಕಿದೆ.

ಭಾನುವಾರ ಮದುವೆಗೆ ಹೊರಡುವಾಗ ಹೆಂಡತಿ, “ರೀ, ನನ್ನ ಉಗುರುಬಣ್ಣದ ಸೀಸೆ ಎಲ್ಲಿ?” ಎಂದಳು. ಸೀಸೆ ಪಿಕಪ್ಪಿನ ಡ್ಯಾಶ್‌ಬೋರ್ಡಿನಲ್ಲಿತ್ತು. ಪಿಕಪ್ಪು ಆ ಹೊತ್ತಿಗೆ ಚೋರ್ಲಾ ಘಟ್ಟದಲ್ಲಿತ್ತು.