ಲಿಯರ್ ಮಹಾರಾಜನ ಗುಂಡಿ

ನಮ್ಮ ಮನೆಗೆ ಪಾಠ ಹೇಳಿಸಿಕೊಳ್ಳಲು ಬರುವ ಎಂ.ಎ. ವಿದ್ಯಾರ್ಥಿನಿಯೊಬ್ಬಳು ಕಳೆದ ವಾರ ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದ ಸಟಿಪ್ಪಣ ಆವೃತ್ತಿಯೊಂದನ್ನು ತಂದಿದ್ದಳು. ಪುಟದ ಮೇಲ್ಭಾಗದಲ್ಲಿ ಆರೇಳು ಸಾಲು ಪದ್ಯ, ಅದರ ಕೆಳಗೆ ಪುಟದ ತುಂಬ ಸಣ್ಣಕ್ಷರದ ಟಿಪ್ಪಣಿ. ಅವಳ ಹಳದಿ ಹೈಲೈಟರ್ ಗೆರೆಗಳೆಲ್ಲ ಟಿಪ್ಪಣಿಯ ಮೇಲೆಯೇ ಇದ್ದವು, ಪದ್ಯದ ಸಾಲುಗಳಿಗೆ ಪೆನ್ಸಿಲ್ಲೂ ತಾಗಿರಲಿಲ್ಲ. ಅವಳನ್ನು ದೂರುವಂತಿಲ್ಲ, ಪ್ರಶ್ನೆಪತ್ರಿಕೆ ಕೇಳುವುದು ಟಿಪ್ಪಣಿಯನ್ನೇ.

ಟಿಪ್ಪಣಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ನಾಲ್ಕು ನೂರು ವರ್ಷ ಹಿಂದಿನ ಇಂಗ್ಲಿಷನ್ನು ಟಿಪ್ಪಣಿಯ ಆಸರೆಯಿಲ್ಲದೆ ಓದುವುದು ಇಂಗ್ಲೆಂಡಿನ ಮಕ್ಕಳಿಗೇ ಕಷ್ಟ. ನನ್ನ ತಕರಾರು, ಟಿಪ್ಪಣಿಕಾರರು ಹೇಳಬೇಕಾದಲ್ಲಿ ಸುಮ್ಮನಾಗಿ, ಸುಮ್ಮನಿರಬೇಕಾದಲ್ಲಿ ಉಪದೇಶಕ್ಕೆ ಇಳಿಯುತ್ತಾರೆ ಎಂಬುದು. ಕಾಳಿದಾಸನಿಗೆ ವ್ಯಾಖ್ಯಾನ ಬರೆದ ಮಲ್ಲಿನಾಥ, ಮೂಲದಲ್ಲಿಲ್ಲದ್ದನ್ನು ಬರೆಯುವುದಿಲ್ಲ, ಬೇಡದ್ದನ್ನು ಹೇಳುವುದಿಲ್ಲ ಎಂದು ಮೊದಲೇ ಮಾತು ಕೊಟ್ಟುಬಿಡುತ್ತಾನೆ. ಆ ಒಂದು ಸಾಲನ್ನು ಈ ಸಂಪಾದಕರ ಮೇಜಿನ ಮೇಲೆ ಅಂಟಿಸಿ ಬರಬೇಕೆನ್ನಿಸಿತು.

ಕೊನೆಯ ದೃಶ್ಯವನ್ನೇ ನೋಡಿ. ಸತ್ತ ಕಿರಿಮಗಳು ಕಾರ್ಡೀಲಿಯಳನ್ನು ಎತ್ತಿಕೊಂಡು ಬಂದ ಮುದುಕ ಲಿಯರ್ ‘ನನ್ನ ಬಡಪಾಯಿ ಫೂಲ್ ನೇಣಿಗೆ ಹೋಯಿತು’ ಎನ್ನುತ್ತಾನೆ. ನಾವು ಮುದ್ದಿನ ಮಗಳನ್ನು ‘ಪೆದ್ದಿ’, ‘ಹುಚ್ಚಿ’ ಎನ್ನುವಂತೆ ಆ ಕಾಲದಲ್ಲಿ ‘ಫೂಲ್’ ಅಕ್ಕರೆಯ ಮಾತೂ ಆಗಿತ್ತು, ನೇಣಿಗೆ ಹೋದವಳೂ ಕಾರ್ಡೀಲಿಯಳೇ. ಆದರೆ ಮೂರನೆಯ ಅಂಕದಲ್ಲೇ ಕಾಣೆಯಾದ ವಿದೂಷಕನನ್ನು ನಾಟಕ ಕರೆಯುತ್ತಿದ್ದುದೂ ಅದೇ ಪದದಿಂದ. ಮಗಳನ್ನು ಅಪ್ಪಿಕೊಂಡ ಆ ಕ್ಷಣದಲ್ಲಿ ಮುದುಕನ ಮನಸ್ಸಿನಲ್ಲಿ ಇಬ್ಬರೂ ಒಂದಾಗಿಬಿಟ್ಟಿರಬಹುದು. ಈ ಆವೃತ್ತಿಯಲ್ಲಿ ಇರುವುದು ‘ಫೂಲ್ ಎಂದರೆ ಕಾರ್ಡೀಲಿಯ’ ಎಂಬ ಒಂದೇ ಸಾಲು. ತಪ್ಪೇನಲ್ಲ, ಆದರೆ ತೆರೆದಿದ್ದ ಬಾಗಿಲಿಗೆ ಅಗುಳಿ ಹಾಕಿದಂತಾಯಿತು.

ಇನ್ನು ಪಾಠಾಂತರದ ವಿಷಯದಲ್ಲಿ ಪೂರಾ ಮೌನ. ಈ ನಾಟಕ 1608ರ ಕ್ವಾರ್ಟೋ ಎಂಬ ಸಣ್ಣ ಆಕಾರದ ಬಿಡಿ ಮುದ್ರಣದಲ್ಲಿ ಒಂದು ರೂಪದಲ್ಲಿದೆ, 1623ರ ಫೋಲಿಯೋ ಎಂಬ ದೊಡ್ಡ ಆಕಾರದ ನಾಟಕ ಸಂಪುಟದಲ್ಲಿ ಇನ್ನೊಂದು ರೂಪದಲ್ಲಿದೆ. ಮೊದಲನೆಯದರಲ್ಲಿ ಲಿಯರ್ ‘ಇನ್ನೆಂದೂ ಇಲ್ಲ’ ಎಂಬರ್ಥದ ‘ನೆವರ್’ ಪದವನ್ನು ಮೂರು ಸಲ ಹೇಳುತ್ತಾನೆ, ಎರಡನೆಯದರಲ್ಲಿ ಐದು ಸಲ. ಒಂದು ಇಡೀ ಸಾಲು ಆ ಒಂದೇ ಪದ. ‘ಒಡೆದುಹೋಗು ಹೃದಯವೇ’ ಎಂಬ ಮಾತು ಕ್ವಾರ್ಟೋದಲ್ಲಿ ಸಾಯುತ್ತಿರುವ ಲಿಯರನದು, ಫೋಲಿಯೋದಲ್ಲಿ ನೋಡುತ್ತ ನಿಂತ, ಅವನ ನಿಷ್ಠಾವಂತ ಸರದಾರ ಕೆಂಟನದು. ಮಗಳ ತುಟಿಯನ್ನು ತೋರಿಸಿ ‘ನೋಡಿ, ಅಲ್ಲಿ ನೋಡಿ’ ಎನ್ನುತ್ತ ಲಿಯರ್ ಪ್ರಾಣ ಬಿಡುವ ಸಾಲು ಫೋಲಿಯೋದಲ್ಲಿ ಮಾತ್ರ ಇದೆ. ಅಂದರೆ ಅವಳು ಉಸಿರಾಡಿದಳೆಂಬ ಭ್ರಮೆಯಲ್ಲಿ ಸತ್ತನೋ, ಎಲ್ಲ ತಿಳಿದೇ ಸತ್ತನೋ ಎಂಬ ಚರ್ಚೆಯೆಲ್ಲ ನಿಂತಿರುವುದು ಈ ಪಾಠಾಂತರದ ಮೇಲೆ. ಎಂ.ಎ. ಓದುವವರಿಗೂ ಇದನ್ನು ಹೇಳದಿದ್ದರೆ ಇನ್ನಾರಿಗೆ ಹೇಳುವುದು?

1765ರಲ್ಲಿ ಷೇಕ್ಸ್‌ಪಿಯರನನ್ನು ಸಂಪಾದಿಸಿದ ಸ್ಯಾಮ್ಯುಯೆಲ್ ಜಾನ್ಸನ್, ಕಾರ್ಡೀಲಿಯಳ ಸಾವಿನಿಂದ ತನಗೆ ಎಷ್ಟು ಆಘಾತವಾಗಿತ್ತೆಂದರೆ, ಸಂಪಾದಕನಾಗಿ ತಿದ್ದಬೇಕಾಗಿ ಬರುವವರೆಗೂ ಆ ಕೊನೆಯ ದೃಶ್ಯಗಳನ್ನು ಮತ್ತೆ ಓದಲಾಗಿರಲಿಲ್ಲ ಎಂದು ಟಿಪ್ಪಣಿಯಲ್ಲೇ ಬರೆದ. (ಕಾರ್ಡೀಲಿಯ ಬದುಕಿ ಮದುವೆಯಾಗುವಂತೆ ನೇಹಮ್ ಟೇಟ್ 1681ರಲ್ಲಿ ತಿದ್ದಿದ ನಾಟಕವೇ ಆಗ ರಂಗದ ಮೇಲಿತ್ತು, ಜಾನ್ಸನ್‌ಗೂ ಅದೇ ಹಿತವೆನ್ನಿಸಿತ್ತು.) ಅವನ ಅಭಿರುಚಿಯನ್ನು ನಾನು ಒಪ್ಪುವುದಿಲ್ಲ, ಆದರೆ ಆ ಟಿಪ್ಪಣಿಯಲ್ಲಿ ನಾಟಕವನ್ನು ಓದಿದ ಮನುಷ್ಯನೊಬ್ಬನಿದ್ದಾನೆ.

ನಮ್ಮ ಹುಡುಗಿಯ ಪುಸ್ತಕದಲ್ಲಿ ಅಂಥವರು ಯಾರೂ ಇರಲಿಲ್ಲ. ಸಾಯುವ ಮುನ್ನ ಲಿಯರ್ ಹೇಳುವ ‘ದಯವಿಟ್ಟು ಈ ಗುಂಡಿ ಬಿಚ್ಚಿ’ ಎಂಬ ಸಾಲಿನ ಕೆಳಗೆ, ರಾಜನ ಅಹಂಕಾರ ಅಳಿದು ವಿನಯ ಮೂಡಿತು ಎಂಬ ನೀತಿವಾಕ್ಯವಿತ್ತು. ಮೂರನೆಯ ಅಂಕದ ಬಿರುಗಾಳಿಯಲ್ಲಿ ಇದೇ ಮುದುಕ ಬಟ್ಟೆ ಕಿತ್ತೆಸೆಯುತ್ತ ‘ಬಾ, ಗುಂಡಿ ಬಿಚ್ಚು’ ಎಂದು ಕೂಗಿದ್ದನ್ನು ನೆನಪಿಸುವ ಒಂದು ಸೂಚನೆ ಕೊಟ್ಟಿದ್ದರೆ ಸಾಕಿತ್ತು.

ಟಿಪ್ಪಣಿಯ ಮೇಲೆ ಹಾಳೆ ಮುಚ್ಚಿ ಆ ಭಾಗವನ್ನು ಗಟ್ಟಿಯಾಗಿ ಓದಮ್ಮ ಎಂದೆ. ಐದು ‘ನೆವರ್’ಗಳನ್ನು ದಾಟಿ ಗುಂಡಿಯ ಸಾಲಿಗೆ ಬಂದವಳು ನಿಲ್ಲಿಸಿ, “ಸರ್, ಇದು ಯಾರ ಗುಂಡಿ? ಅವನದಾ, ಅವಳದಾ?” ಎಂದು ಕೇಳಿದಳು. ಎರಡೂ ಸಾಧ್ಯ, ನಟನಾದವನು ಒಂದನ್ನು ಆರಿಸಿಕೊಳ್ಳಲೇಬೇಕು ಎಂದೆ. ಆಮೇಲೆ ಅವಳು ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡಳು.