ತಪ್ಪಿದ್ದರೆ ಮಾತ್ರ ಕೊಡಿ

ಪುಸ್ತಕಕ್ಕೆ ಖಾಕಿ ಪೇಪರಿನ ಬೈಂಡ್ ಹಾಕದಿದ್ದರೆ ನಮ್ಮ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು. ಅವರು ಎಷ್ಟು ಮುಂದಿನದನ್ನು ಕಂಡಿದ್ದರು ಅಂತ ಈಗ ಗೊತ್ತಾಗುತ್ತಿದೆ.

ಅಮೆರಿಕದಲ್ಲಿ 1925ರಲ್ಲಿ ಬಂದ ಫಿಟ್ಸ್‌ಜೆರಾಲ್ಡ್ ಅವರ ಕಾದಂಬರಿ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯ ಮೊದಲ ಮುದ್ರಣ ನಿಮ್ಮ ಹತ್ತಿರ ಇದೆ ಅನ್ನಿ. ಬರೀ ಪುಸ್ತಕವಾದರೆ ಹಳೆ ಪುಸ್ತಕದ ಸಂಗ್ರಾಹಕರು ಕೊಡುವುದು ಕೆಲವು ಸಾವಿರ ಡಾಲರ್. ಮೇಲಿನ ಕಾಗದದ ಹೊದಿಕೆಯೂ ಚೆನ್ನಾಗಿ ಉಳಿದಿದ್ದರೆ ಲಕ್ಷ ಡಾಲರ್ ದಾಟುತ್ತದೆ. ಬಾಳೆಹಣ್ಣಿಗೆ ಎಂಟಾಣೆ, ಸಿಪ್ಪೆಗೆ ಐವತ್ತು ರೂಪಾಯಿ! ಆ ಕಾಲದವರು, ಪಾಪ, ಸಿಪ್ಪೆ ಎಸೆದು ಹಣ್ಣು ತಿಂದರು. ದಡ್ಡರು.

ಹೊದಿಕೆ ಸಿಕ್ಕಿತು ಅಂತ ಕುಣಿಯಬೇಡಿ. ಮೊದಲು ತಪ್ಪು ಹುಡುಕಬೇಕು, ಮೊದಲ ಮುದ್ರಣಕ್ಕೆ ಅದೇ ಗುರುತು. ಹೊದಿಕೆಯ ಹಿಂಬದಿಯಲ್ಲಿ ನಾಯಕ ಜೇ ಗ್ಯಾಟ್ಸ್‌ಬಿಯ ಹೆಸರಿನ ‘ಜೆ’ ಸಣ್ಣಕ್ಷರದಲ್ಲಿ ಅಚ್ಚಾಗಿ, ಆಮೇಲೆ ಕೈಯಿಂದ ತಿದ್ದಿರಬೇಕು. 205ನೇ ಪುಟದಲ್ಲಿ ‘ಸಿಕ್ ಇನ್ ಟೈರ್ಡ್’ ಅನ್ನುವ ಅಚ್ಚಿನ ತಪ್ಪು ಇರಲೇಬೇಕು. ಹೆಮಿಂಗ್ವೇಯ ‘ದಿ ಸನ್ ಆಲ್ಸೋ ರೈಸಸ್’ ಆದರೆ ಸೀದಾ 181ನೇ ಪುಟಕ್ಕೆ ಹೋಗಿ. ಅಲ್ಲಿ ‘ಸ್ಟಾಪ್ಡ್’ ಪದಕ್ಕೆ ಎರಡೇ ‘ಪಿ’ ಇದ್ದರೆ ಮನೆಯಲ್ಲಿ ಸೂತಕ. ಮೂರಿದ್ದರೆ ಹಬ್ಬ. ಇಡೀ ಕಾದಂಬರಿಯಲ್ಲಿ ಈ ಸಂಗ್ರಾಹಕರು ಓದುವುದು ಅದೊಂದೇ ಪದ ಇರಬೇಕು. (ಈ ಲೆಕ್ಕ ನಮ್ಮಲ್ಲೂ ಶುರುವಾದರೆ ಕನ್ನಡ ಪ್ರಕಾಶಕರೆಲ್ಲ ರಾತ್ರೋರಾತ್ರಿ ಕೋಟ್ಯಧೀಶರು.)

‘ದಿ ಕ್ಯಾಚರ್ ಇನ್ ದ ರೈ’ ಹೊದಿಕೆಯ ಮೇಲೆ ತನ್ನ ಫೋಟೋ ಬೇಡವೇ ಬೇಡ ಅಂತ ಅದನ್ನು ಬರೆದ ಸ್ಯಾಲಿಂಜರ್ ಹಟ ಹಿಡಿದು ಆಮೇಲಿನ ಮುದ್ರಣಗಳಿಂದ ತೆಗೆಸಿಹಾಕಿದರು. ಈಗ ಪುಸ್ತಕ ಕೈಗೆ ಸಿಕ್ಕ ತಕ್ಷಣ ಎಲ್ಲರೂ ತಿರುಗಿಸಿ ನೋಡುವುದು ಆ ಫೋಟೋ ಇದೆಯಾ ಅಂತಲೇ.

ಇನ್ನು 1953ರ ‘ಫ್ಯಾರನ್‌ಹೀಟ್ 451’. ಪುಸ್ತಕ ಸುಡುವವರ ಕಥೆ. ಬೆಂಕಿಗೆ ಜಗ್ಗದಿರಲಿ ಅಂತ ಅದರ 200 ಪ್ರತಿಗಳಿಗೆ ಕಲ್ನಾರಿನ ರಟ್ಟು ಹಾಕಿ, ಲೇಖಕರ ಸಹಿಯನ್ನೂ ಹಾಕಿಸಿದರು. ಕಲ್ನಾರಿನ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಆದ್ದರಿಂದ ಪುಸ್ತಕವನ್ನು ಜಾಸ್ತಿ ಮುಟ್ಟದಿರುವುದೇ ಕ್ಷೇಮ. ಕೊಂಡವರಿಗೆ ಇದೇನು ಹೊಸ ಪಥ್ಯ ಅಲ್ಲ ಬಿಡಿ.

1940ರಲ್ಲಿ ಫಿಟ್ಸ್‌ಜೆರಾಲ್ಡ್ ತೀರಿಕೊಂಡಾಗ ಗ್ಯಾಟ್ಸ್‌ಬಿಯ ಪ್ರತಿಗಳು ಖರ್ಚಾಗದೆ ಪ್ರಕಾಶಕರ ಗೋದಾಮಿನಲ್ಲಿ ಕೊಳೆಯುತ್ತಿದ್ದವು. ಅಯ್ಯೋ, ಅವು ಈಗ ಸಿಕ್ಕಿದ್ದರೆ ಅಂತ ಒಬ್ಬ ಸಂಗ್ರಾಹಕರ ಮುಂದೆ ಅಂದು ನೋಡಿ. ಮೂಗು ಮುರಿಯುತ್ತಾರೆ. ಅವು ಎರಡನೇ ಮುದ್ರಣದವು. ತಪ್ಪು ತಿದ್ದಿದ್ದವು.