ಅಲ್ಲಿ ಯಾರೂ ಕೂಡಂಗೇ ಇಲ್ಲಲ್ರೀ!

ನಾನು ನೆಟ್‌ವರ್ಕ್ ನೋಡಿಕೊಳ್ಳೋ ಕರೆಂಟ್ ಆಫೀಸಿನ ಸರ್ವರ್ ರೂಮಿನ ಏಸಿ ಬಿಚ್ಚಿಕೊಂಡು ಹೋಗಿದ್ದಾರೆ. ಎರಡಿದ್ದವು, ಒಂದಕ್ಕೆ ಬಿಡುವು ಕೊಟ್ಟು ಇನ್ನೊಂದನ್ನು ಓಡಿಸುತ್ತಿದ್ದೆವು. ಈಗ ಉಳಿದಿರೋದು ಗ್ಯಾಸ್ ಖಾಲಿಯಾಗಿ ಬರೀ ಗಾಳಿ ಬೀಸೋದು. ನೆಟ್ಟಗಿದ್ದದ್ದು ಎಲ್ಲಿಗೆ ಹೋಯಿತು ಅಂತೀರಾ? ಮೇಲಿನ ಮಹಡಿಯಲ್ಲಿ ಹೊಸ ಚೇಂಬರ್ ಆಗಿದೆ. ಗಾಜಿನ ಬಾಗಿಲು, ತಿರುಗೋ ಕುರ್ಚಿ. ಇಷ್ಟು ಹೇಳಿದರೆ ಸಾಕು, ಮೆಮೊ ಬರೋದಿದ್ದರೆ ಬರಲಿ.

ರಾಯಚೂರಿನ ಬೇಸಿಗೆ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಹೊರಗೆ 42 ಡಿಗ್ರಿ. ರ‍್ಯಾಕ್ ಹಿಂದೆ ಕೈ ಇಟ್ಟರೆ ರೊಟ್ಟಿ ಹಂಚಿನ ಮೇಲೆ ಇಟ್ಟಂಗೆ ಆಗ್ತದೆ. ಇಂಥ ಉಪಕರಣಗಳಿಗೆ 18ರಿಂದ 27 ಡಿಗ್ರಿ ಒಳಗಿನ ಗಾಳಿ ಕೊಡಿ ಅನ್ನೋದು ಜಗತ್ತೆಲ್ಲ ಒಪ್ಪಿರೋ ಲೆಕ್ಕ. ಚೇಂಬರಿನ ಸಾಹೇಬರನ್ನ ಹೋಗಿ ಕೇಳಿದೆ, "ಸರ, ಏಸಿ ಯಾಕ ತಗಸಿದ್ರಿ?" ಅಂತ. ಫೈಲಿನಿಂದ ತಲೆ ಎತ್ತದೇ ಉತ್ತರ ಬಂತು: "ಅಲ್ಲಿ ಯಾರೂ ಕೂಡಂಗೇ ಇಲ್ಲಲ್ರೀ!"

ಯಾರೂ ಕೂಡಲ್ಲ, ಖರೇ. ಅಲ್ಲಿರೋದು ರೌಟರ್, ಫೈರ್‌ವಾಲ್, ಸ್ವಿಚ್‌ಗಳು, ಸಿಂಧನೂರು ಮಾನ್ವಿ ದೇವದುರ್ಗ ಲಿಂಗಸುಗೂರು ಆಫೀಸುಗಳಿಂದ ಬಂದು ಸೇರೋ ನೆಟ್‌ವರ್ಕ್ ಲಿಂಕುಗಳು. ಇವಕ್ಕೆ ಬೆವರು ಬರಲ್ಲ, ಯೂನಿಯನ್ ಇಲ್ಲ, ಅರ್ಜಿ ಬರೆಯೋಕೆ ಬರಲ್ಲ. ಬಿಸಿ ತಡೆಯೋಕಾಗದಿದ್ದರೆ ಸುಮ್ಮನೆ ಆಫ್ ಆಗ್ತವೆ. ಆಗ ಮಾನ್ವಿ ಕೌಂಟರಿನಲ್ಲಿ "ಸರ್ವರ್ ಡೌನ್ ಅದ, ನಾಳಿ ಬರ್ರಿ" ಅಂತಾರೆ. ಹಳ್ಳಿಯಿಂದ ಬಿಲ್ ಕಟ್ಟೋಕೆ ಬಂದ ಮುದುಕ ಕೂಲಿ ಬಿಟ್ಟು ಮತ್ತೆ ಬರಬೇಕು. ಅವನು ಬೈಯೋದು ಯಾರಿಗೆ? ಚೇಂಬರಿಗಂತೂ ಅಲ್ಲ.

ನನ್ನ ಹೊಟ್ಟೆ ಉರಿಯೋದು ಇನ್ನೊಂದಕ್ಕೆ. ಏಸಿ ತೆಗೆಸಿದ ಇದೇ ಇಂಜಿನಿಯರುಗಳು ಸಬ್‌ಸ್ಟೇಷನ್ನಿನ ಬ್ಯಾಟರಿ ರೂಮಿಗೆ ಹೋದಾಗ ನೋಡಬೇಕು ನೀವು. ಅಲ್ಲೂ ಯಾರೂ ಕೂಡಲ್ಲ! ಆದರೆ 110 ವೋಲ್ಟ್ ಡಿಸಿ ಬ್ಯಾಟರಿ ಸೆಟ್ಟಿಗೆ ಡಿಸ್ಟಿಲ್ಡ್ ವಾಟರ್ ಹಾಕಿದ್ದಾರಾ, ಹೈಡ್ರೋಮೀಟರ್ ರೀಡಿಂಗ್ ಎಷ್ಟು, ರಿಜಿಸ್ಟರಿನಲ್ಲಿ ಬರೆದಿದ್ದಾರಾ ಅಂತ ಆಪರೇಟರನ್ನು ನಿಲ್ಲಿಸಿ ಕೇಳ್ತಾರೆ. ಕೇಳಲೇಬೇಕು. ಆ ಬ್ಯಾಟರಿಯ ಡಿಸಿ ಕರೆಂಟ್ ಹೋದರೆ ದೋಷ ಹಿಡಿಯೋ ರಿಲೇ ಕೆಲಸ ಮಾಡಲ್ಲ, ಲೈನ್ ಕಡಿಯೋ ಬ್ರೇಕರ್ ಟ್ರಿಪ್ ಆಗಲ್ಲ, ಟ್ರಾನ್ಸ್‌ಫಾರ್ಮರೇ ಸುಟ್ಟು ಹೋಗಬಹುದು. ಅಷ್ಟು ತಿಳಿದವರಿಗೆ, ಕರೆಂಟ್ ಹೋದಾಗ ಸರ್ವರ್ ಓಡಿಸೋ ನಮ್ಮ ಯುಪಿಎಸ್‌ನ ಬ್ಯಾಟರಿ ಮಾತ್ರ ಬ್ಯಾಟರಿಯಲ್ಲ! ಅದೂ ಲೆಡ್ ಆಸಿಡ್ಡೇ ರೀ. 25 ಡಿಗ್ರಿ ಲೆಕ್ಕಕ್ಕೆ ಮಾಡಿದ್ದು, ಅದರ ಮೇಲೆ ಹತ್ತು ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧ. ಪ್ರತಿ ವರ್ಷ ಬ್ಯಾಟರಿ ಇಂಡೆಂಟ್ ಹಾಕಿದಾಗ "ಹೋದ ಸಲನೇ ಕೊಟ್ಟೀವಲ್ಲ" ಅನ್ನೋರೂ ಇವರೇ.

ಯುಪಿಎಸ್ ಬೆಲೆ ನೆಟ್‌ವರ್ಕಿಗೆ ನುಗ್ಗೋ ಕಳ್ಳರಿಗೆ ಚೆನ್ನಾಗಿ ಗೊತ್ತು. 2015ರ ಡಿಸೆಂಬರ್ 23ರಂದು ಉಕ್ರೇನಿನಲ್ಲಿ ಮೂರು ವಿದ್ಯುತ್ ವಿತರಣಾ ಕಂಪನಿಗಳ ನೆಟ್‌ವರ್ಕಿಗೆ ನುಗ್ಗಿ ಸುಮಾರು 2.25 ಲಕ್ಷ ಗ್ರಾಹಕರ ಕರೆಂಟ್ ತೆಗೆದರಲ್ಲ, ಒಳಗೆ ಹೊಕ್ಕಿದ್ದು ಯಾರೋ ತೆರೆದ ಒಂದು ಇಮೇಲ್ ಫೈಲಿನಿಂದ. ಆಪರೇಟರ್ ನೋಡ್ತಾ ಕೂತಿದ್ದಾನೆ, ಅವನ ಪರದೆ ಮೇಲೆ ಮೌಸ್ ತಾನಾಗೇ ಓಡಾಡಿ ಬ್ರೇಕರುಗಳನ್ನು ತೆಗೀತಿದೆ. ಅದರ ಜೊತೆಗೆ ಕಂಟ್ರೋಲ್ ರೂಮಿನ ಯುಪಿಎಸ್ ಕೂಡ ಬಂದ್ ಆಗೋ ಹಾಗೆ ಮೊದಲೇ ಹೊಂದಿಸಿಟ್ಟಿದ್ದರು. ಜನ ಫೋನ್ ಮಾಡಬಾರದು ಅಂತ ಕಾಲ್ ಸೆಂಟರಿಗೆ ಸುಳ್ಳು ಕರೆಗಳ ಮಳೆ ಬೇರೆ. ಕೊನೆಗೆ ಸಿಬ್ಬಂದಿ ಗಾಡಿ ತಗೊಂಡು ಸ್ಟೇಷನ್ ಸ್ಟೇಷನ್ ತಿರುಗಿ ಕೈಯಿಂದಲೇ ಬ್ರೇಕರ್ ಹಾಕಿದರು. ನಮ್ಮಲ್ಲಿ ಅಷ್ಟು ಕಷ್ಟಪಡಬೇಕಾಗಿಲ್ಲ. ಕಳ್ಳ ಬರೋದರೊಳಗೆ ಯುಪಿಎಸ್ಸನ್ನು ನಾವೇ ಕೊಂದಿರ್ತೀವಿ.

ಯಂತ್ರಗಳಲ್ಲಿ ಏನೇನು ನಡೀತು ಅನ್ನೋ ದಾಖಲೆ, ಅಂದರೆ ಲಾಗ್, 180 ದಿನ ಕಾಯ್ದಿಡಿ, ಇಂಥ ದಾಳಿ ಏನಾದರೂ ಆದರೆ 6 ಗಂಟೆಯೊಳಗೆ ತಿಳಿಸಿ ಅಂತ 2022ರಲ್ಲೇ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌-ಇನ್ ಆದೇಶ ಮಾಡಿದೆ. ಆ ಲಾಗ್ ಇರೋ ಡಿಸ್ಕೂ ಇದೇ ಕುಲುಮೆಯಲ್ಲಿ ಬೇಯ್ತಿದೆ. ಇರಲಿ.

ಈಗ ನೀವು ಕೇಳ್ತೀರಿ, ಗೊತ್ತು. "ಲೈನ್‌ಮನ್ ಉರಿ ಬಿಸಿಲಾಗ ಕಂಬ ಹತ್ತತಾನ, ನಿನಗ ಏಸಿ ಬೇಕಾ?" ಅಂತ. ಹತ್ತತಾನಪ್ಪ. ಲೈನ್ ಬಂದ್ ಮಾಡಿಸೋ ಎಲ್‌ಸಿ (ಲೈನ್ ಕ್ಲಿಯರ್) ತಗೊಂಡು, ಜೀವ ಅಂಗೈಯಲ್ಲಿ ಹಿಡಿದು ಹತ್ತತಾನೆ. ಅವನ ಕಾಲ ಧೂಳಿಗೂ ನಾನು ಸಮ ಅಲ್ಲ. ಆದರೆ ನಾನು ಏಸಿ ಕೇಳಿದ್ದು ನನಗಲ್ಲ ಮಾರಾಯರೇ, ನನ್ನ ಟೇಬಲ್ ಇರೋದು ಹೊರಗೆ, ತಗಡಿನ ಶೆಡ್ಡಿನ ಪಕ್ಕ! ಲೈನ್‌ಮನ್ ಹೆಸರು ಹೇಳಿ ವಾದ ಮಾಡೋರು ಚೇಂಬರಿನ ಏಸಿ ಬಿಚ್ಚಿ ಲೈನ್‌ಮನ್ ಕೂಡೋ ಗ್ಯಾಂಗ್ ರೂಮಿಗೆ ಹಾಕಿದ್ದರೆ ನಾನೇ ಪೇಡೆ ಹಂಚ್ತಿದ್ದೆ.

ಒಂದು ಗುಟ್ಟು ಹೇಳ್ತೀನಿ. ಲೈನ್‌ಮನ್ನುಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಕರೆಂಟ್ ಬಂದಾಗ ಓಣಿಯ ಹುಡುಗರು ಕೇಕೆ ಹಾಕ್ತಾರಲ್ಲ, ಅದು ಅವರಿಗೆ. ನೆಟ್‌ವರ್ಕ್ ಬಂತು ಅಂತ ಯಾರೂ ಕೇಕೆ ಹಾಕಿದ್ದು ನಾನು ಕಂಡಿಲ್ಲ. ನನ್ನ ಕೆಲಸ ಏನು ಅಂತ ನಮ್ಮವ್ವಗೆ ಇವತ್ತಿಗೂ ತಿಳಿಸೋಕಾಗಿಲ್ಲ. "ಕರೆಂಟ್ ಆಫೀಸಿನ್ಯಾಗ ಅದಾನ" ಅಂತ ಊರಿಗೆಲ್ಲ ಹೇಳಿಟ್ಟಿದ್ದಾಳೆ. ಹಾಗಾಗಿ ರಾತ್ರಿ ಕರೆಂಟ್ ಹೋದರೆ ಓಣಿಯವರು ಬಡಿಯೋದು ನನ್ನ ಬಾಗಿಲು. ನನಗೆ ಫ್ಯೂಸ್ ಹಾಕೋಕೂ ಬರಲ್ಲ ಅಂದರೆ ನಂಬಲ್ಲ, ಸೊಕ್ಕು ಅಂತಾರೆ.

ಶಕ್ತಿನಗರದಲ್ಲಿ 1720 ಮೆಗಾವ್ಯಾಟ್, ಯರಮರಸ್‌ನಲ್ಲಿ 1600 ಮೆಗಾವ್ಯಾಟ್ ಸ್ಥಾವರ ಇಟ್ಟುಕೊಂಡ ಜಿಲ್ಲೆ ನಮ್ಮದು. ಒಂದೂವರೆ ಟನ್ನಿನ ಒಂದು ಏಸಿಗೆ ಇಲ್ಲಿ ಗತಿ ಇಲ್ಲ. "ಎಸ್ಟಿಮೇಟ್ ಹಾಕಿ ಕಳಸ್ರಿ, ನೋಡಮು" ಅಂದಿದ್ದಾರೆ. ಹಾಕಿದ್ದೀನಿ. ಆ ಫೈಲ್ ಸಹಿ ಆಗಬೇಕಾದದ್ದು ಅದೇ ತಂಪು ಚೇಂಬರಿನಲ್ಲಿ.

ಕಾಮೆಂಟಿನಲ್ಲಿ "ಕೂಲರ್ ಇಡಪ್ಪ" ಅಂತ ಬರೆಯೋಕೆ ಹೊರಟವರಿಗೆ: ಕೂಲರ್ ಅಂದರೆ ತೇವದ ಗಾಳಿ, ಅದು ಸರ್ಕ್ಯೂಟ್ ಬೋರ್ಡಿಗೆ ವಿಷ. ಈ ಸಲಹೆ ಮೇಲಿನ ಮಹಡಿಯಿಂದ ಆಗಲೇ ಬಂದಾಗಿದೆ, ನೀವೂ ಕೊಡಬೇಡಿ. ಗಂಜ್ ಕಡೆ ಸೆಕೆಂಡ್‌ಹ್ಯಾಂಡ್ ಏಸಿ ಮಾರೋ ನಂಬಿಕಸ್ತರು ಯಾರಾದರೂ ಗೊತ್ತಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಬಿಲ್ ಮಾತ್ರ ಜಿಎಸ್‌ಟಿ ಸಮೇತ ಬೇಕು, ಇಲ್ಲಾಂದರೆ ಆಡಿಟ್‌ನವರು ನನ್ನನ್ನೇ ರ‍್ಯಾಕಿಗೆ ಏರಿಸ್ತಾರೆ.